ಕಾರ್ಟೂನನ್ನ ಒಂದ್ಸಲ ಕೇಳಿ ನೋಡಿ

ಕೇಳುಗರಿಗೆಲ್ಲ ನಮಸ್ಕಾರ. ಹಳೇದು ಹೊಸದು ಸೇರಿಸಿ ನಿಮ್ಮಿಷ್ಟದ ಕಾರ್ಟೂನ್‌ಗಳ ಬಗ್ಗೆ ಮಾತಾಡಿ ಅಂತ ಕರೆದಿದಾರೆ, ರೇಡಿಯೋದಲ್ಲಿ ಕೂತು ಕಾರ್ಟೂನ್ ಬಗ್ಗೆ ಏನ್ರೀ ಹೇಳ್ತೀರಾ ಅಂತ ಒಬ್ರು ನಕ್ರು ಕೂಡ. ನಗ್ಲಿ ಬಿಡಿ. ನಾನು ಸೌಂಡ್ ಕೆಲಸದವನು, ನನ್ನ ಲೆಕ್ಕದಲ್ಲಿ ಕಾರ್ಟೂನ್ ಅಂದ್ರೆ ಮೊದಲು ಕಿವಿ, ಆಮೇಲೆ ಕಣ್ಣು. ಇವತ್ತು ಹೇಳೋದು ಇದೊಂದೇ, ಮತ್ತೆ ಮತ್ತೆ ಹೇಳ್ತೀನಿ.

1928ಕ್ಕೆ ಹೋಗೋಣ. ವಾಲ್ಟ್ ಡಿಸ್ನಿ ಮಿಕ್ಕಿ ಮೌಸ್‌ನ ಇಟ್ಕೊಂಡು ಎರಡು ಮೂಕಿ ಕಾರ್ಟೂನ್ ಮಾಡಿದ್ರು, ಕೊಳ್ಳೋರೇ ಇಲ್ಲ. ಟಾಕಿ ಸಿನಿಮಾ ಆಗಷ್ಟೇ ಶುರುವಾಗಿತ್ತಲ್ಲ, ಸರಿ, ಮೂರನೇದಕ್ಕೆ, ಅದೇ ಸ್ಟೀಮ್‌ಬೋಟ್ ವಿಲ್ಲಿಗೆ, ಸದ್ದು ಸೇರಿಸೋಣ ಅಂತ ಹೊರಟ್ರು. ಭಯ ಏನಂದ್ರೆ, ಕೈಯಲ್ಲಿ ಬರೆದ ಇಲಿ ಸಿಳ್ಳೆ ಹೊಡೆದ್ರೆ ಆ ಸಿಳ್ಳೆ ಇಲಿ ಬಾಯಿಂದ್ಲೇ ಬಂತು ಅಂತ ಜನಕ್ಕೆ ಅನ್ಸುತ್ತಾ, ಇಲ್ಲಾ ಹಿಂದೆ ಯಾರೋ ಊದ್ತಿದಾರೆ ಅನ್ಸುತ್ತಾ? ಅದಕ್ಕೊಂದು ಪರೀಕ್ಷೆ ಮಾಡಿದ್ರು ನೋಡಿ, ಇದನ್ನ ಎಷ್ಟು ಸಲ ಹೇಳಿದ್ರೂ ನನಗೆ ಸಾಕಾಗಲ್ಲ. ಪ್ರೊಜೆಕ್ಟರ್ ಗರಗರ ಅನ್ನುತ್ತೆ ಅಂತ ಅದನ್ನ ಕಿಟಕಿಯಾಚೆ ಇಟ್ರು, ಅಣ್ಣ ರಾಯ್ ಅಲ್ಲಿ ನಿಂತು ರೀಲ್ ಓಡಿಸಿದ್ರು. ಈ ಕಡೆ ಮರೆಯಲ್ಲಿ ಒಂದು ಮೈಕು, ಡಿಸ್ನಿ ಜೊತೆ ಚಿತ್ರ ಬರೀತಿದ್ದ ವಿಲ್ಫ್ರೆಡ್ ಜಾಕ್ಸನ್ ಕೈಲಿ ಮೌತ್ ಆರ್ಗನ್, ಇನ್ನೊಬ್ಬ ಚಿತ್ರಗಾರ ಅಬ್ ಐವರ್ಕ್ಸ್ ಮುಂದೆ ಪಾತ್ರೆ ಪಗಡೆ. ಪ್ರೇಕ್ಷಕರು ಯಾರು, ಅವರವರ ಹೆಂಡ್ತೀರು! ಈ ಜಾಕ್ಸನ್ ತಾಯಿ ಸಂಗೀತದ ಟೀಚರು, ಹಂಗಾಗಿ ಮೆಟ್ರೊನೋಮ್, ಅಂದ್ರೆ ಟಿಕ್ ಟಿಕ್ ಅಂತ ತಾಳ ಹಾಕೋ ಯಂತ್ರ, ಅವರಿಗೆ ಗೊತ್ತಿತ್ತು. ಲೆಕ್ಕ ಸುಲಭ, ಸೆಕೆಂಡಿಗೆ 24 ಫ್ರೇಮು, ಅಂದ್ರೆ 24 ಬಿಡಿ ಚಿತ್ರ, ಅರ್ಧ ಸೆಕೆಂಡಿಗೊಂದು ಪೆಟ್ಟು ಬಿದ್ರೆ 12 ಫ್ರೇಮಿಗೊಂದು, ಮಿಕ್ಕಿ ಕಾಲು ಸರಿಯಾಗಿ ಅಲ್ಲೇ ನೆಲಕ್ಕೆ ತಾಗ್ಬೇಕು. ತಾಳ ಮೊದಲು, ಚಿತ್ರ ಆಮೇಲೆ, ಗೊತ್ತಾಯ್ತಲ್ಲ?

ಆಮೇಲೆ ನ್ಯೂಯಾರ್ಕಲ್ಲಿ ಆರ್ಕೆಸ್ಟ್ರಾ ಕೂರಿಸಿ ಮಾಡಿದ ಮೊದಲ ರೆಕಾರ್ಡಿಂಗ್ ಚಿತ್ರದ ಜೊತೆ ಕೂಡ್ಲೇ ಇಲ್ಲ. ದುಡ್ಡು ನೀರಲ್ಲಿ ಹೋಮ. ಡಿಸ್ನಿ ತಮ್ಮ ಕಾರು ಮಾರಿ ಎರಡನೇ ಸಲ ಮಾಡಿಸಿದ್ರು, ಈ ಸಲ ಫಿಲ್ಮ್ ಮೇಲೆ ತಾಳಕ್ಕೆ ಕುಣಿಯೋ ಒಂದು ಚೆಂಡು, ಅದನ್ನ ನೋಡ್ಕೊಂಡು ಕಂಡಕ್ಟರ್ ಕೈ ಆಡಿಸಿದ್ರು, ನವೆಂಬರ್ 18ಕ್ಕೆ ಥಿಯೇಟರಿಗೆ ಬಂತು, ಮಿಕ್ಕಿ ಗೆದ್ದ. ಅವೇ ಎರಡು ಮೂಕಿಗಳಿಗೂ ಆಮೇಲೆ ಸದ್ದು ಹಾಕಿ ಬಿಟ್ರು!

ಅಯ್ಯೋ, ಟೈಮ್ ಹಿಂಗೇ ಓಡ್ತಿದೆ. ಟಾಮ್ ಅಂಡ್ ಜೆರ್ರಿ, 1940ರಲ್ಲಿ ಶುರು, ಏಳು ಆಸ್ಕರ್, ಮಾತೇ ಇಲ್ಲ ಅನ್ನೋಷ್ಟು ಕಮ್ಮಿ. ಟಾಮ್ ಬಾಲ ಎಲ್ಲೋ ಸಿಕ್ಕಾಕ್ಕೊಂಡು ಅಯ್ಯಯ್ಯೋ ಅಂತ ಕಿರುಚುತ್ತಲ್ಲ, ಆ ಗಂಟಲು ನಿರ್ದೇಶಕ ವಿಲಿಯಂ ಹ್ಯಾನಾ ಅವರದ್ದೇ. ಓಡೋ ಹಕ್ಕಿ ರೋಡ್ ರನ್ನರ್‌ನ ಬೀಪ್ ಬೀಪ್ ಇದೆಯಲ್ಲ, ಅದು ಹಿನ್ನೆಲೆ ಚಿತ್ರ ಬರೀತಿದ್ದ ಪಾಲ್ ಜೂಲಿಯನ್ ಬಾಯಿದು. ಅಲ್ಲಿಂದ ಟಿವಿ. 1960ರ ಫ್ಲಿಂಟ್‌ಸ್ಟೋನ್ಸ್ ಕಾಲಕ್ಕೆ ಬಜೆಟ್ ಕಮ್ಮಿ, ಮುಖ ಹಂಗೇ ಇರುತ್ತೆ, ಬಾಯಿ ಮಾತ್ರ ಆಡುತ್ತೆ, ಕತೆ ಪೂರ್ತಿ ದನಿ ಮೇಲೆ ನಿಂತಿದೆ. ಇಂಥ ಟಿವಿ ಕಾರ್ಟೂನ್‌ಗಳನ್ನ ಆ ರೋಡ್ ರನ್ನರ್ ನಿರ್ದೇಶಕ ಚಕ್ ಜೋನ್ಸ್ 'ಚಿತ್ರ ಹಚ್ಚಿದ ರೇಡಿಯೋ' ಅಂತ ಮೂದಲಿಸ್ತಿದ್ರು. ಮೂದಲಿಕೆಯಂತೆ! ರೇಡಿಯೋ ಅಂದ್ರೆ ಬೈಗುಳ ಯಾವಾಗ ಆಯ್ತು ಸ್ವಾಮಿ?

ಜಪಾನಿನ ನಿರ್ದೇಶಕ ಮಿಯಾಝಾಕಿ ಅವರ 1988ರ ಟೊಟೊರೊ ಸಿನಿಮಾದಲ್ಲಿ ಬಸ್‌ಸ್ಟಾಪಿನ ಸೀನ್ ಇದೆ, ಮಳೆ, ಟೊಟೊರೊ ಅನ್ನೋ ಆ ದೊಡ್ಡ ಪ್ರಾಣಿ ಕೈಲಿ ಕೊಡೆ, ಮರದಿಂದ ಹನಿ ಟಪ್ ಅಂತ ಕೊಡೆ ಮೇಲೆ ಬಿದ್ದ ತಕ್ಷಣ ಅದಕ್ಕೆ ಆ ಸದ್ದೇ ಖುಷಿಯಾಗಿ ನೆಲ ನಡುಗೋ ಹಂಗೆ ನೆಗೆಯುತ್ತೆ, ಮರದಲ್ಲಿದ್ದ ನೀರೆಲ್ಲ ಒಟ್ಟಿಗೇ ಸುರಿಯುತ್ತೆ. ಮ್ಯೂಟ್ ಮಾಡಿದ್ರೆ ಆ ಸೀನಲ್ಲಿ ಏನಿದೆ ಹೇಳಿ. ಈಗ ಎಲ್ರೂ ಫೋನಲ್ಲಿ ಮ್ಯೂಟ್ ಮಾಡಿ ಸಬ್‌ಟೈಟಲ್ ಓದ್ತಾರೆ, ನನಗಂತೂ ತಡೆಯೋಕಾಗಲ್ಲ.

1995ರ ಟಾಯ್ ಸ್ಟೋರಿ, ಪೂರ್ತಿ ಕಂಪ್ಯೂಟರಲ್ಲೇ ಮಾಡಿದ ಮೊದಲ ದೊಡ್ಡ ಸಿನಿಮಾ, ಅದಕ್ಕೆ ಟೈಮಿಲ್ಲ. ಸಿಂಪ್ಸನ್ಸ್‌ನ ಬಾರ್ಟ್ ಹುಡುಗ ನಿಜ, ದನಿ ಮಾತ್ರ ಹೆಂಗಸಿಂದು, ಅದಕ್ಕೂ ಟೈಮಿಲ್ಲ. 2008ರ ವಾಲ್-ಇ ಮಾತ್ರ ಬಿಡಲ್ಲ, ಅದೇ ಹೆಸರಿನ ರೋಬೋಟಿನ ಕತೆ, ಮೊದಲರ್ಧದಲ್ಲಿ ಮಾತು ಅಪರೂಪ, ಆ ರೋಬೋಟಿನ ದನಿ ಮಾಡಿದ್ದು ಸೌಂಡ್ ಡಿಸೈನರ್ ಬೆನ್ ಬರ್ಟ್, ನಮ್ಮ ಕಸುಬಿನವರು. ಇವತ್ತೇ ಹಾಕಿ, ಹೆಡ್‌ಫೋನ್ ಹಾಕ್ಕೊಂಡು ಕೇಳಿ. ಆಯ್ತು ಆಯ್ತು, ಇಲ್ಲಿ ಗಾಜಿನಾಚೆಯಿಂದ ಕೈ ತೋರಿಸ್ತಿದಾರೆ, ನಮಸ್ಕಾರ.