ದೀಕ್ಷಾಸ್ನಾನ ಆಯಿತು, ಊಟ ಯಾರ ಮನೆಯಲ್ಲಿ?

ಎಲ್ಲರಿಗೂ ವಂದನೆಗಳು. ಸಭಾಪಾಲಕರೇ, ಹಿರಿಯರೇ, ಸಂಡೇ ಸ್ಕೂಲ್ ಟೀಚರುಗಳೇ, ಮಹಿಳಾ ಕೂಟದ ಅಕ್ಕಂದಿರೇ. ಹಿಂದೆ ನಿಂತಿರುವ ಯೂತ್‌ನವರೇ, ಮುಂದೆ ಜಾಗ ಇದೆ, ಬನ್ನಿ, ಕೂತ್ಕೊಳ್ಳಿ.

ನೇರ ವಿಷಯಕ್ಕೆ ಬರುತ್ತೇನೆ. ಈಸ್ಟರಿನಲ್ಲಿ ಹೊಸಬರಿಗೆ ದೀಕ್ಷಾಸ್ನಾನ, ಅಂದರೆ ಬ್ಯಾಪ್ಟಿಸಮ್, ಆಯಿತು. ಆ ಫೋಟೋ ನಮ್ಮೆಲ್ಲರ ಮೊಬೈಲಿನಲ್ಲಿದೆ. ಈಗ ಅದನ್ನು ತೆಗೆದು ನೋಡಿ. ಅದರಲ್ಲಿರುವವರ ಪೈಕಿ ಎಷ್ಟು ಜನರ ಮನೆ ನಿಮಗೆ ಗೊತ್ತು? ಅವರಲ್ಲಿ ಯಾರು ರಾತ್ರಿ ಪಾಳಿ ಕೆಲಸ ಮಾಡುತ್ತಾರೆ, ಯಾರ ಮನೆಯಲ್ಲಿ ಅಪ್ಪ ಮಾತು ಬಿಟ್ಟಿದ್ದಾರೆ, ಯಾರು ಹೊಸ ಸತ್ಯವೇದವನ್ನು (ಬೈಬಲನ್ನು) ಬಟ್ಟೆ ಕೆಳಗೆ ಬಚ್ಚಿಟ್ಟು ಓದುತ್ತಾರೆ? ಹೆಸರು ರಿಜಿಸ್ಟರಿನಲ್ಲಿದೆ, ಸರಿ. ಆಮೇಲೆ?

ಹೊಸ ವಿಶ್ವಾಸಿಗಳನ್ನು ನಂಬಿಕೆಯಲ್ಲಿ ಬಲಪಡಿಸುವುದು ಹೇಗೆ ಅಂತ ಮಾತಾಡಿ ಎಂದು ನನ್ನನ್ನು ಕರೆದಿದ್ದೀರಿ. ಸಾಮಾನ್ಯವಾಗಿ ಈ ಮಾತು ಬಂದ ಕೂಡಲೇ ನಾವು ಒಂದು ಪುಸ್ತಕ ಹುಡುಕುತ್ತೇವೆ. ಹತ್ತು ಪಾಠದ್ದು, ಹನ್ನೆರಡು ಪಾಠದ್ದು, ಖಾಲಿ ಜಾಗ ತುಂಬಿಸಿ ಅನ್ನುವಂಥದ್ದು. ಪುಸ್ತಕ ಬೇಕು, ನಾನೂ ಬಳಸುತ್ತೇನೆ. ಆದರೆ ಪುಸ್ತಕಕ್ಕೆ ಮುಂಚೆ ಒಬ್ಬ ಮನುಷ್ಯ ಬೇಕು. ಆ ಹೊಸಬನಿಗೆ "ಇವರು ನಮ್ಮವರು" ಅನ್ನಿಸುವ ಒಬ್ಬ ಅಣ್ಣ, ಒಬ್ಬ ಅಕ್ಕ, ಒಂದು ಮನೆ ಬೇಕು. ಅದಕ್ಕೇ ನಾನು ಎಲ್ಲಿ ಹೋದರೂ ಒಂದೇ ಪ್ರಶ್ನೆ ಕೇಳುತ್ತೇನೆ: ದೀಕ್ಷಾಸ್ನಾನ ಕೊಟ್ಟಿರಿ, ಈ ಭಾನುವಾರ ಆ ಮನುಷ್ಯ ಯಾರ ಮನೆಯಲ್ಲಿ ಊಟ ಮಾಡುತ್ತಾನೆ?

ಒಬ್ಬ ಹುಡುಗ ನನಗೆ ಹೇಳಿದ ಮಾತು ಇವತ್ತಿಗೂ ಮರೆತಿಲ್ಲ. ಹಳ್ಳಿಯಿಂದ ಕೆಲಸಕ್ಕೆ ಬಂದವನು, ರೂಮಿನಲ್ಲಿ ಇದ್ದವನು. ಒಂದು ಸಭೆಗೆ ಮೂರ್ನಾಲ್ಕು ತಿಂಗಳು ತಪ್ಪದೆ ಹೋದ, ಆಮೇಲೆ ಬಿಟ್ಟುಬಿಟ್ಟ. ಯಾಕಪ್ಪಾ ಅಂದೆ. "ಎಲ್ಲರೂ ಪ್ರೈಸ್ ದ ಲಾರ್ಡ್ ಅಂದ್ರು ಸರ್. ಊಟ ಆಯ್ತಾ ಅಂತ ಯಾರೂ ಕೇಳ್ಲಿಲ್ಲ" ಅಂದ. ಅವನಿಗೆ ತಂದೆ, ಮಗ, ಪವಿತ್ರಾತ್ಮ ಒಬ್ಬನೇ ದೇವರು ಅನ್ನುವ ತ್ರಯೇಕತ್ವದ ಬಗ್ಗೆ ಸಂದೇಹ ಇರಲಿಲ್ಲ, ಶಿಲುಬೆಯ ಬಗ್ಗೆಯೂ ಇರಲಿಲ್ಲ. ಭಾನುವಾರ ಮಧ್ಯಾಹ್ನ ಒಬ್ಬನೇ ಹೋಟೆಲಿನಲ್ಲಿ ಕೂತು ಉಣ್ಣುವಾಗ ಅವನಿಗೆ ಊರ ಜಾತ್ರೆ, ಅಮ್ಮ, ಗೆಳೆಯರು ಎಲ್ಲ ನೆನಪಾಗುತ್ತಿತ್ತು. ಅವರನ್ನೆಲ್ಲ ದೂರ ಮಾಡಿಕೊಂಡು ಬಂದಿದ್ದಾನೆ. ಬಂದ ಕಡೆ ಯಾರಿದ್ದಾರೆ?

ಸೌಲನ ಕಥೆ ತೆಗೆದುಕೊಳ್ಳಿ, ಮುಂದೆ ಅಪೊಸ್ತಲ ಪೌಲ ಅನ್ನಿಸಿಕೊಂಡವನು ಇವನೇ. ದಮಸ್ಕದ ದಾರಿ ನಮಗೆಲ್ಲ ಬಾಯಿಪಾಠ. ಬೆಳಕು ಬಂತು, ಬಿದ್ದ, ದನಿ ಕೇಳಿತು. ಆದರೆ ಮುಂದೆ ಓದಿ. ಕಣ್ಣು ಕಾಣದೆ ಕೂತವನ ಹತ್ತಿರ ಅನನೀಯ ಅನ್ನುವ ಶಿಷ್ಯ ಹೋಗಬೇಕಾಯಿತು. ಹೋಗಲು ಭಯ, ಆದರೂ ಹೋದ. ಹೋಗಿ ಅವನ ಮೇಲೆ ಕೈಯಿಟ್ಟು ಮೊದಲು ಆಡಿದ ಮಾತೇ "ಸಹೋದರನಾದ ಸೌಲನೇ" ಅಂತ. ನಿನ್ನೆಯವರೆಗೆ ನಮ್ಮವರನ್ನು ಹಿಡಿದು ಜೈಲಿಗೆ ಹಾಕಿಸುತ್ತಿದ್ದವನಿಗೆ! ಆಮೇಲೆ ಯೆರೂಸಲೇಮಿಗೆ ಬಂದರೆ ಶಿಷ್ಯರೆಲ್ಲ ಹೆದರಿ ದೂರ ನಿಂತರು. ಆಗ ಬಾರ್ನಬ ಅನ್ನುವ ವಿಶ್ವಾಸಿ ಕೈಹಿಡಿದು ಕರೆದುಕೊಂಡು ಹೋಗಿ ಅಪೊಸ್ತಲರ ಮುಂದೆ ನಿಲ್ಲಿಸಿದ. ಕಥೆ ಅಲ್ಲಿಗೂ ಮುಗಿಯಲಿಲ್ಲ. ಎಷ್ಟೋ ವರ್ಷ ಆದಮೇಲೆ ಅಂತಿಯೋಕ್ಯದಲ್ಲಿ ಕೆಲಸ ಜಾಸ್ತಿ ಆದಾಗ ಇದೇ ಬಾರ್ನಬ ಸೌಲನನ್ನು ಹುಡುಕಿಕೊಂಡು ತಾರ್ಸಕ್ಕೆ ಹೊರಟ. ಅವನಿಗೆ ಅಡ್ರೆಸ್ ಇರಲಿಲ್ಲ, ಫೋನ್ ಇರಲಿಲ್ಲ. ಹುಡುಕಿ, ಕರೆತಂದು, ಇಬ್ಬರೂ ಒಂದು ವರ್ಷ ಪೂರ್ತಿ ಸಭೆಯ ಜೊತೆ ಇದ್ದು ಕಲಿಸಿದರು. ಶಿಷ್ಯರಿಗೆ ಕ್ರೈಸ್ತರು ಅನ್ನುವ ಹೆಸರು ಬಂದದ್ದು ಆ ಊರಲ್ಲೇ. ಬಾರ್ನಬ ಬರೆದ ಒಂದೇ ಒಂದು ಪತ್ರ ಹೊಸ ಒಡಂಬಡಿಕೆಯಲ್ಲಿ ಇಲ್ಲ. ಆದರೆ ಪೌಲನ ಪ್ರತಿ ಪತ್ರದ ಹಿಂದೆಯೂ ಬಾರ್ನಬ ಇದ್ದಾನೆ ಅಂತ ನಾನು ನಂಬುತ್ತೇನೆ. ಬಾರ್ನಬ ಇಲ್ಲದಿದ್ದರೆ ಸೌಲ ಯಾರ ಮನೆಯಲ್ಲಿ ಊಟ ಮಾಡುತ್ತಿದ್ದ?

ಪೌಲ ತಾನು ಪಡೆದದ್ದನ್ನೇ ಬೇರೆಯವರಿಗೂ ಮಾಡಿದ. ಲುಸ್ತ್ರದಲ್ಲಿ ಅವನಿಗೆ ಕಲ್ಲು ಹೊಡೆದು, ಸತ್ತ ಅಂದುಕೊಂಡು ಊರ ಹೊರಗೆ ಎಳೆದು ಹಾಕಿದರು. ಅವನು ಮಾರನೇ ದಿನ ಬಾರ್ನಬನ ಜೊತೆ ದೆರ್ಬೆಗೆ ಹೋದ, ಅಲ್ಲಿ ಸುವಾರ್ತೆ ಸಾರಿದ, ಆಮೇಲೆ ತಿರುಗಿ ಅದೇ ಲುಸ್ತ್ರಕ್ಕೆ ಬಂದ! ಯಾಕೆ? ಅಲ್ಲಿ ಹೊಸ ಶಿಷ್ಯರಿದ್ದರು, ಅವರ ಮನಸ್ಸನ್ನು ದೃಢಪಡಿಸಬೇಕಿತ್ತು. ಸತ್ಯವೇದದಲ್ಲಿ ಅಪೊಸ್ತಲರ ಕೃತ್ಯಗಳು 14ನೇ ಅಧ್ಯಾಯ ಓದಿ. ನಮಗೆ ಕಲ್ಲು ಹೊಡೆಯುವವರೂ ಇಲ್ಲ, ಪಕ್ಕದ ಬಡಾವಣೆಗೆ ಹೋಗಲು ಟ್ರಾಫಿಕ್ ಅಡ್ಡ ಬರುತ್ತದೆ.

ಹಳೇ ಸಭೆಯ ಒಂದು ಕಥೆ ಇದೆ, ನನಗೆ ತುಂಬ ಇಷ್ಟ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸುಮಾರು ಕ್ರಿಸ್ತಶಕ 400ರ ಹೊತ್ತು. ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ದೆಯೋಗ್ರಾಸಿಯಾಸ್ ಅಂತ ಒಬ್ಬ ಸಭಾಸೇವಕ. ಕ್ರೈಸ್ತ ನಂಬಿಕೆ ಅಂದರೇನು ಅಂತ ಮೊದಲ ಸಲ ಕೇಳಲು ಬಂದವರನ್ನೆಲ್ಲ ಜನ ಇವನ ಹತ್ತಿರ ಕಳಿಸುತ್ತಿದ್ದರು. ಇವನಿಗೋ ಒಂದೇ ಕೊರಗು. ನನ್ನ ಮಾತು ಉದ್ದ ಆಗುತ್ತದೆ, ಸಪ್ಪೆ ಆಗುತ್ತದೆ, ಹೇಳುತ್ತಾ ಹೇಳುತ್ತಾ ನನಗೇ ಬೇಜಾರಾಗುತ್ತದೆ, ಇನ್ನು ಕೇಳುವವನ ಗತಿ ಏನು ಅಂತ. ಹಿಪ್ಪೋ ಊರಿನ ಬಿಷಪ್ ಅಗಸ್ಟೀನರಿಗೆ ಬರೆದು ದಾರಿ ತೋರಿಸಿ ಅಂತ ಕೇಳಿದ. ಅಗಸ್ಟೀನರು ಅಂದರೆ ಆಗಲೇ ದೊಡ್ಡ ಹೆಸರು. 387ರಲ್ಲಿ ಮಿಲಾನಿನಲ್ಲಿ ಅಂಬ್ರೋಸರ ಕೈಯಲ್ಲಿ ದೀಕ್ಷಾಸ್ನಾನ ಪಡೆದವರು, ಮಾತಿನ ವಿದ್ಯೆಯನ್ನೇ ಕಲಿಸುತ್ತಿದ್ದವರು. ಅವರು ಒಂದು ಚಿಕ್ಕ ಪುಸ್ತಕದಷ್ಟು ಉತ್ತರ ಬರೆದರು.

ಅದರಲ್ಲಿ ಏನು ಹೇಳಿದರು ಗೊತ್ತಾ? ನನ್ನ ಮಾತೂ ನನಗೆ ಯಾವಾಗಲೂ ತೃಪ್ತಿ ಕೊಡುವುದಿಲ್ಲಪ್ಪಾ, ಆದರೆ ಕೇಳುವವರಿಗೆ ನಾವು ಅಂದುಕೊಂಡಷ್ಟು ಸಪ್ಪೆ ಅನ್ನಿಸುವುದಿಲ್ಲ, ಅದಕ್ಕೇ ಅಲ್ವಾ ಮತ್ತೆ ಮತ್ತೆ ನಿನ್ನ ಹತ್ತಿರ ಕರೆದುಕೊಂಡು ಬರುತ್ತಾರೆ ಅಂತ ಮೊದಲು ಧೈರ್ಯ ತುಂಬಿದರು. ಆಮೇಲೆ, ಬಂದವನು ಯಾಕೆ ಬಂದ ಅಂತ ಮೊದಲು ಕೇಳು ಅಂದರು. ಕಲಿಸುವವನು ಸಂತೋಷದಿಂದ ಕಲಿಸಬೇಕು, ಅದೇ ಎಲ್ಲಕ್ಕಿಂತ ಮುಖ್ಯ ಅಂದರು. ನಾವು ದಿನಾ ಓಡಾಡಿ ಕಣ್ಣಿಗೆ ಸಾಮಾನ್ಯ ಆಗಿಹೋದ ಊರನ್ನು ಹೊಸಬನಿಗೆ ತೋರಿಸುವಾಗ ಅವನ ಬೆರಗು ನೋಡಿ ನಮಗೂ ಆ ಊರು ಹೊಸದಾಗಿ ಕಾಣುತ್ತದೆ ಅಲ್ವಾ, ಹಾಗೆ ಅವನನ್ನು ಪ್ರೀತಿಸು, ಹಳೇ ಪಾಠ ನಿನಗೇ ಹೊಸದಾಗುತ್ತದೆ ಅಂದರು. ಇನ್ನೊಂದು ಮಾತು ನನಗೆ ಎಲ್ಲಕ್ಕಿಂತ ಇಷ್ಟ. ಕೇಳುವವನು ಆಕಳಿಸುತ್ತಿದ್ದರೆ ಬೈಯಬೇಡ. ನಿಂತು ನಿಂತು ಕಾಲು ನೋಯುತ್ತಿರಬಹುದು, ಕೂರಲು ಒಂದು ಆಸನ ಕೊಡು! ಅಷ್ಟು ದೊಡ್ಡ ಜ್ಞಾನಿ, ಕೇಳುವವನ ಕಾಲುನೋವಿನ ಬಗ್ಗೆ ಯೋಚನೆ ಮಾಡಿ ಬರೆದಿದ್ದಾರೆ. ಯೂತ್‌ನವರೇ, ನಿಮ್ಮನ್ನು ಕೂತ್ಕೊಳ್ಳಿ ಅಂದದ್ದು ಯಾಕೆ ಅಂತ ಈಗ ಗೊತ್ತಾಯಿತಾ?

ಅದೇ ಕಾಲದಲ್ಲಿ, 4ನೇ ಶತಮಾನದ ಕೊನೆಯಲ್ಲಿ, ಎಗೇರಿಯಾ ಅನ್ನುವ ಹೆಣ್ಣುಮಗಳು ಯೆರೂಸಲೇಮಿಗೆ ಯಾತ್ರೆ ಹೋಗಿ ಅಲ್ಲಿ ಕಂಡದ್ದನ್ನು ಬರೆದಿಟ್ಟಳು. ಈಸ್ಟರಿಗೆ ಮುಂಚೆ ದೀಕ್ಷಾಸ್ನಾನಕ್ಕೆ ಹೆಸರು ಕೊಟ್ಟವರಿಗೆ ಬಿಷಪ್ಪರೇ ಕೂತು ದಿನಾ ಮೂರು ಗಂಟೆ ಪಾಠ ಹೇಳುತ್ತಿದ್ದರಂತೆ. ಹೆಸರು ಕೊಟ್ಟವರು ಒಂಟಿಯಾಗಿ ಬರುವಂತಿಲ್ಲ. ಗಂಡಸಾದರೆ ಜೊತೆಗೆ ತಂದೆಯ ಸ್ಥಾನದಲ್ಲಿ ಒಬ್ಬರು, ಹೆಂಗಸಾದರೆ ತಾಯಿಯ ಸ್ಥಾನದಲ್ಲಿ ಒಬ್ಬರು. ಬಿಷಪ್ಪರು ನೆರೆಹೊರೆಯವರನ್ನೂ ವಿಚಾರಿಸುತ್ತಿದ್ದರು, ಇವನು ಅಪ್ಪ ಅಮ್ಮನಿಗೆ ಮರ್ಯಾದೆ ಕೊಡುತ್ತಾನಾ, ಕುಡಿಯುತ್ತಾನಾ ಅಂತ. ಈಸ್ಟರ್ ಮುಗಿದ ಮೇಲೂ ಆ ವಾರ ಪೂರ್ತಿ ಮತ್ತೆ ಕಲಿಸುತ್ತಿದ್ದರು. ನಾವು ಈಸ್ಟರ್ ಆದ ಸೋಮವಾರ ಶಾಮಿಯಾನ ಬಿಚ್ಚಿಸುವುದರಲ್ಲಿ ಇರುತ್ತೇವೆ.

ನಮ್ಮ ಸೀಮೆಗೇ ಬರೋಣ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ನಂಬಿದವರನ್ನು ಮನೆಯವರು ಹೊರಗೆ ಹಾಕುತ್ತಿದ್ದರು, ಜಾತಿ ಹೋಯಿತು ಅಂದರೆ ಕಸುಬೂ ಹೋಯಿತು. ಬರೀ ಪ್ರಾರ್ಥನೆ ಮಾಡಿ ಕಳಿಸಿದರೆ ಅವರು ಉಣ್ಣುವುದು ಏನನ್ನು? ಹಾಗಾಗಿ ನೇಯ್ಗೆ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಬಂತು. ಮಂಗಳೂರು ಹೆಂಚು ಅಂತ ದೇಶವೆಲ್ಲ ಹೊದೆಸಿಕೊಂಡಿತು. ಇದು ಒಳ್ಳೆಯ ಕೆಲಸ, ನಾನು ಅದಕ್ಕೆ ತಲೆಬಾಗುತ್ತೇನೆ. ಆದರೆ ಒಂದು ಅಪಾಯವೂ ಇತ್ತು. ಕೆಲಸ ಕೊಡುವವರೂ, ಮನೆ ಕೊಡುವವರೂ, ಪಾಠ ಹೇಳುವವರೂ ಒಬ್ಬರೇ ಆದರೆ ನಂಬಿಕೆ ಯಾವುದರ ಮೇಲೆ ನಿಂತಿದೆ ಅಂತ ಗೊತ್ತಾಗುವುದು ಕಷ್ಟ. ಗೊತ್ತಾಗುವ ಕಾಲವೂ ಬಂತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು, ಬ್ರಿಟಿಷ್ ಸರ್ಕಾರ ಈ ಮಿಷನ್ನಿನ ಜರ್ಮನ್ ಮಿಷನರಿಗಳನ್ನು ಬಂಧಿಸಿತು, ಕಾರ್ಖಾನೆಗಳು ಮಿಷನ್ನಿನ ಕೈ ತಪ್ಪಿದವು. ಸಭೆಗಳು ಮುಚ್ಚಿದವಾ? ಇಲ್ಲ. ನಮ್ಮ ಉಪದೇಶಿಗಳು, ನಮ್ಮ ಪಾದ್ರಿಗಳು, ಸಂಜೆ ದೀಪ ಹಚ್ಚಿ ಮಕ್ಕಳಿಗೆ ಕರ್ತನ ಪ್ರಾರ್ಥನೆ ಹೇಳಿಕೊಡುತ್ತಿದ್ದ ಅಜ್ಜಿಯರು ಹಿಡಿದು ನಿಲ್ಲಿಸಿದರು. ಇಲ್ಲಿ ಕೂತಿರುವವರಲ್ಲಿ ಅಂಥ ಅಜ್ಜಿಯರ ಮರಿಮಕ್ಕಳು ಎಷ್ಟು ಜನ ಇದ್ದೀರಿ!

ಅದಕ್ಕೇ ಹೇಳುತ್ತೇನೆ, ಹೊಸಬರಿಗೆ ಸಹಾಯ ಮಾಡಿ, ಆದರೆ ಆಸೆ ತೋರಿಸಿ ಕರೆಯಬೇಡಿ. ಬಂದರೆ ಕಾಯಿಲೆ ವಾಸಿ, ಸಾಲ ತೀರುತ್ತದೆ, ಮದುವೆ ಆಗುತ್ತದೆ ಅಂತ ಮಾತು ಕೊಡಬೇಡಿ. ದೇವರು ವಾಸಿ ಮಾಡುತ್ತಾನೆ, ನಾನು ಕಣ್ಣಾರೆ ಕಂಡಿದ್ದೇನೆ. ಕೆಲವರಿಗೆ ವಾಸಿ ಆಗುವುದಿಲ್ಲ, ಅದನ್ನೂ ಕಂಡಿದ್ದೇನೆ. ಆ ದಿನ ಅವನ ಕೈಯಲ್ಲಿ ಏನಿರಬೇಕು? ಸತ್ಯವೇದದ 13ನೇ ಕೀರ್ತನೆ ಇರಬೇಕು. "ಎಷ್ಟರವರೆಗೆ ನನ್ನನ್ನು ಮರೆತಿರುವೆ" ಅಂತ ದೇವರನ್ನೇ ಕೇಳಬಹುದು, ಅಳಬಹುದು, ಅದೂ ಪ್ರಾರ್ಥನೆಯೇ ಅಂತ ಮೊದಲ ತಿಂಗಳಲ್ಲೇ ಹೇಳಿಕೊಡಿ. ಬಂಡೆ ನೆಲದ ಮೇಲೆ ಬಿದ್ದ ಬೀಜ ಬೇಗ ಮೊಳೆಯಿತು, ಬಿಸಿಲಿಗೆ ಬಾಡಿತು ಅಂತ ಯೇಸುಸ್ವಾಮಿ ಹೇಳಿದ್ದು ನಮ್ಮ ಕಿವಿಗೇ.

ಇನ್ನೊಂದು. ಮನೆಯಲ್ಲಿ ಒಬ್ಬಳೇ ನಂಬಿದ ಹೆಣ್ಣುಮಕ್ಕಳು. ಇವರ ಬಗ್ಗೆ ನನಗೆ ತುಂಬ ಸಂಕಟ. ಗಂಡ ಒಪ್ಪಿಲ್ಲ, ಅತ್ತೆ ಒಪ್ಪಿಲ್ಲ. ಭಾನುವಾರ ಬೆಳಿಗ್ಗೆ ಮನೆ ಬಿಡಲು ಆಗುವುದಿಲ್ಲ. ನಾವೇನು ಮಾಡುತ್ತೇವೆ? ಸಭೆಗೆ ಬರಲಿಲ್ಲ, ನಂಬಿಕೆ ಕಡಿಮೆ ಅಂತೀವಿ. ಬಳೆ ಯಾಕೆ, ಹೂವು ಯಾಕೆ, ತಾಳಿ ಯಾಕೆ ಅಂತ ಮೊದಲ ವಾರವೇ ಶುರು ಮಾಡುತ್ತೇವೆ. ಯೆರೂಸಲೇಮಿನಲ್ಲಿ ಅಪೊಸ್ತಲರು ಕೂಡಿ ಚರ್ಚೆ ಮಾಡಿ, ಯೆಹೂದ್ಯರಲ್ಲದ ಅನ್ಯಜನರಿಂದ ಬಂದವರ ಮೇಲೆ ಅಗತ್ಯವಾದದ್ದಕ್ಕಿಂತ ಜಾಸ್ತಿ ಭಾರ ಹಾಕಬಾರದು ಅಂತ ತೀರ್ಮಾನ ಮಾಡಿದರು, ಕೃತ್ಯಗಳು 15. ಅವರೇ ಹಾಕದ ಭಾರ ನಾವು ಹಾಕುವುದಾ? ನಂಬದ ಗಂಡ ಜೊತೆಗಿರಲು ಒಪ್ಪಿದರೆ ಅವನನ್ನು ಬಿಡಬೇಡ ಅಂತ ಪೌಲನೇ ಬರೆದಿದ್ದಾನೆ. ಅಕ್ಕಂದಿರೇ, ಇದು ನಿಮ್ಮ ಕೈಯಲ್ಲಿದೆ. ವಾರದ ದಿನ, ಮಧ್ಯಾಹ್ನ, ಅವಳಿಗೆ ಕೆಲಸ ಮುಗಿಯುವ ಹೊತ್ತಿಗೆ ಹೋಗಿ ಅರ್ಧ ಗಂಟೆ ಕೂತು ಬನ್ನಿ. ಅತ್ತೆಯನ್ನೂ ಮಾತಾಡಿಸಿ. ರಾತ್ರಿ ಹತ್ತಕ್ಕೆ ಫೋನ್ ಮಾಡಿ ಅವಳನ್ನು ಕಷ್ಟಕ್ಕೆ ಸಿಕ್ಕಿಸಬೇಡಿ.

ಹಬ್ಬಕ್ಕೆ ಅಮ್ಮ ಊರಿಗೆ ಕರೆದರೆ ಹೋಗಬೇಕಾ ಬೇಡವಾ ಅಂತ ಹುಡುಗರು ಕೇಳುತ್ತಾರೆ. ಹೋಗಿ. ಪೂಜೆಯಲ್ಲಿ ಸೇರಲು ನಿನ್ನ ಮನಸ್ಸಾಕ್ಷಿ ಒಪ್ಪುವುದಿಲ್ಲ ಅಂತ ಮೆತ್ತಗೆ ಹೇಳು. ನೀರು ಸೇದಿ ಕೊಡು, ತಂಗಿಗೆ ಬಟ್ಟೆ ತಗೊಂಡು ಹೋಗು, ಅಪ್ಪನ ಜೊತೆ ಹೊಲಕ್ಕೆ ಹೋಗು. ತಂದೆತಾಯಿಯನ್ನು ಸನ್ಮಾನಿಸು ಅನ್ನುವ ಆಜ್ಞೆ ದೀಕ್ಷಾಸ್ನಾನದ ನೀರಲ್ಲಿ ತೊಳೆದು ಹೋಗಿಲ್ಲ. ಪೂಜೆಗೆ ಇಟ್ಟದ್ದನ್ನು ಉಣ್ಣಬಹುದಾ ಅನ್ನುವಂಥ ಪ್ರಶ್ನೆಗಳಿಗೆ ಪೌಲನ ಪತ್ರ 1 ಕೊರಿಂಥದ 8, 10 ಅಧ್ಯಾಯಗಳನ್ನು ಅವನ ಜೊತೆ ಕೂತು ಓದಿ. ಜೊತೆ ಕೂತು ಓದಿ ಅಂದೆ, ವಾಟ್ಸಾಪಿನಲ್ಲಿ ವಚನ ಫಾರ್ವರ್ಡ್ ಮಾಡಿ ಅನ್ನಲಿಲ್ಲ.

ಹಿರಿಯರು ಗಡಿಯಾರ ನೋಡುತ್ತಿದ್ದಾರೆ. ಓದುವುದು, ಪ್ರಾರ್ಥನೆ, ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ, ನಂಬಿಕೆಯನ್ನು ಬೇರೆಯವರಿಗೆ ಹೇಳುವ ಸಾಕ್ಷಿ, ಕೊಡುವುದು, ಇಷ್ಟು ಇನ್ನೂ ಉಳಿದಿದೆ. ಬೇಗ ಹೇಳಿ ಮುಗಿಸುತ್ತೇನೆ.

ಓದುವುದಕ್ಕೆ ಮಾರ್ಕನ ಸುವಾರ್ತೆಯಿಂದ ಶುರು ಮಾಡಿಸಿ. ಹದಿನಾರೇ ಅಧ್ಯಾಯ. ಆದಿಕಾಂಡದಿಂದ ಹೊರಟವರು ಯಾಜಕಕಾಂಡದ ಹತ್ತಿರ ನಿಂತುಬಿಡುತ್ತಾರೆ, ನಿಮಗೇ ಗೊತ್ತು. ಓದಲು ಬಾರದವರಿಗೆ ಕೇಳಿಸಿ, ಹಾಡಿಸಿ, ಮೊಬೈಲಿನಲ್ಲಿ ಆಡಿಯೋ ಹಾಕಿಕೊಡಿ. ಪ್ರಾರ್ಥನೆಗೆ ಕರ್ತನ ಪ್ರಾರ್ಥನೆ ಸಾಕು, ಒಂದೊಂದು ಸಾಲು ಒಂದೊಂದು ವಾರ. ಕರ್ತನ ಭೋಜನ ಯಾಕೆ ಅಂತ ಬಿಡಿಸಿ ಹೇಳಿ, ನಮ್ಮ ಹಳಬರಿಗೂ ಅದು ಬೇಕು.

ಸಾಕ್ಷಿ ವಿಷಯ ಒಂದೇ ಮಾತು. 1912ರಲ್ಲಿ ದೋರ್ನಕಲ್ಲಿನ ಬಿಷಪ್ ಆದ ವಿ. ಎಸ್. ಅಜರಯ್ಯ, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ಪರು, ತೆಲುಗು ಹಳ್ಳಿಗಳಲ್ಲಿ ಹೊಸದಾಗಿ ದೀಕ್ಷಾಸ್ನಾನ ಪಡೆದವರ ಕೈಯನ್ನು ಅವರ ತಲೆ ಮೇಲೇ ಇಡಿಸಿ "ಸುವಾರ್ತೆ ಸಾರದಿದ್ದರೆ ನನ್ನ ಗತಿಯನ್ನು ಏನು ಹೇಳಲಿ" ಅನ್ನುವ ಪೌಲನ ಮಾತು ಹೇಳಿಸುತ್ತಿದ್ದರು. ಕೂಲಿ ಮಾಡುವವರು, ಊರಿನವರು ದೂರ ಇಟ್ಟವರು, ಅವರ ಬಾಯಲ್ಲಿ! ಹೊಸಬ ಅಂದರೆ ಬರೀ ಕೇಳುವವನು ಅಂದುಕೊಳ್ಳಬೇಡಿ. ಅವನ ಹತ್ತಿರವೂ ಹೇಳುವುದು ಇದೆ, ನಾವು ಕೂತು ಕೇಳಬೇಕು.

ಕೊಡುವುದರ ಬಗ್ಗೆ ಇವತ್ತು ಬಿಡುತ್ತೇನೆ, ಅದನ್ನು ಮೊದಲ ವರ್ಷ ಒತ್ತಿ ಹೇಳದಿದ್ದರೂ ನಡೆಯುತ್ತದೆ.

ಈಗ ಒಂದು ಕೆಲಸ. ಬಾಗಿಲ ಹತ್ತಿರದ ಟೇಬಲ್ ಮೇಲೆ ಒಂದು ಹಾಳೆ ಇಟ್ಟಿದ್ದೇನೆ. ಎಡಗಡೆ ಈಸ್ಟರಿನಲ್ಲಿ ದೀಕ್ಷಾಸ್ನಾನ ಪಡೆದವರ ಹೆಸರಿದೆ, ಬಲಗಡೆ ಖಾಲಿ ಇದೆ. ಟೀಗೆ ಹೋಗುವ ಮುಂಚೆ ಒಂದು ಹೆಸರಿನ ಎದುರಿಗೆ ನಿಮ್ಮ ಹೆಸರು ಬರೆಯಿರಿ. ಗಂಡಸರ ಹೆಸರಿಗೆ ಗಂಡಸರು, ಹೆಂಗಸರ ಹೆಸರಿಗೆ ಹೆಂಗಸರು. ಬರೆದವರು ಈ ಭಾನುವಾರವೇ ಅವರನ್ನು ಊಟಕ್ಕೆ ಕರೆಯಿರಿ, ಭಾನುವಾರ ಆಗದವರ ಮನೆಗೆ ವಾರದೊಳಗೆ ನೀವೇ ಹೋಗಿ ಬನ್ನಿ. ವಿಶೇಷ ಅಡುಗೆ ಬೇಡ, ನೀವು ಉಣ್ಣುವುದೇ ಸಾಕು. ಪಾಠದ ಪುಸ್ತಕಗಳು ಸಭಾಪಾಲಕರ ಹತ್ತಿರ ಇವೆ, ಎರಡು ಸಲ ಜೊತೆಗೆ ಊಟ ಆದಮೇಲೆ ಬಂದು ತಗೊಂಡು ಹೋಗಿ.