ಸ್ಪೀಕರ್ ಒಳಗಿಡಿ ಸ್ವಾಮಿ

ನಮಸ್ಕಾರ. ಹೋದ ವಿಡಿಯೊ ಕೆಳಗೆ ಒಬ್ಬರು ಕೇಳಿದ್ದಾರೆ: "ಫೋಟೊ ತೆಗೆಯುವುದಕ್ಕೆ ಹಕ್ಕಿ ಕೂಗನ್ನು ಮೊಬೈಲಿನಲ್ಲಿ ಹಾಕಿ ಕರೆದರೆ ನಿಮ್ಮಪ್ಪನ ಗಂಟೇನು ಹೋಗುತ್ತೆ?" ನಮ್ಮಪ್ಪನ ಗಂಟು ಹೋಗುವುದಿಲ್ಲ ಗುರು. ಹಕ್ಕಿಯ ಗಂಟು ಹೋಗುತ್ತದೆ.

ಮಾರ್ಚ್, ಏಪ್ರಿಲ್‌ನಲ್ಲಿ ಜಯನಗರದ ಯಾವುದಾದರೂ ಕೇಬಲ್ ವೈರ್ ನೋಡಿ. ಬೆಳಕು ಹರಿಯುವ ಮೊದಲೇ ಮಡಿವಾಳ ಹಕ್ಕಿ ಕೂತು ಹಾಡುತ್ತಿರುತ್ತದೆ. ಸುಮ್ನೆ ಖುಷಿಗಲ್ಲ. "ಈ ಸೈಟು ನಂದು, ಯಾರೂ ಕಾಲಿಡಬೇಡಿ" ಅಂತ. ನೀವು ಪೊದೆಯಲ್ಲಿ ಬ್ಲೂಟೂತ್ ಸ್ಪೀಕರ್ ಇಟ್ಟು ಅದೇ ಹಾಡು ಹಾಕುತ್ತೀರಿ. ಅದಕ್ಕೆ ಇನ್ನೊಬ್ಬ ಗಂಡು ಸೈಟು ನುಂಗುವುದಕ್ಕೆ ಬಂದ ಹಾಗೆ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ತುರಹಳ್ಳಿ ಕಾಡಿನಲ್ಲಿ ಕಣ್ಣಾರೆ ನೋಡಿದ್ದೇನೆ. ಸ್ಪೀಕರ್ ಕೂಗು ಕೇಳಿ ಹಕ್ಕಿ ಕೊಕ್ಕಿನಲ್ಲಿದ್ದ ಹುಳ ಬಿಟ್ಟು ಬಂತು. ಸ್ಪೀಕರ್ ಮೇಲಿನ ಕೊಂಬೆಯಲ್ಲಿ ಕೂತು, ಬಾಲ ಎತ್ತಿ ಇಳಿಸಿ, ಕತ್ತು ಆ ಕಡೆ ಈ ಕಡೆ ತಿರುಗಿಸಿ ಹುಡುಕಿತು. ಯಾರೂ ಇಲ್ಲ. ಮತ್ತೆ ಕೂಗು, ಮತ್ತೆ ಹುಡುಕಾಟ. ಕೆಳಗೆ ಟಕಟಕ ಶಟರ್. ಆ ಹುಳ ಮರಿಗೆ ಯಾರು ಕೊಡುತ್ತಾರೆ, ನೀವಾ?

"ಒಂದೇ ಸಲ ತಾನೆ" ಅಂತೆ. ಭಾನುವಾರ ಬಂದವರೆಲ್ಲ ಒಂದೊಂದೇ ಸಲ ಹಾಕಿದರೆ? "ಪಕ್ಷಿತಜ್ಞ ಸಲೀಂ ಅಲಿ ಹಕ್ಕಿಗಳನ್ನು ಬಂದೂಕಿನಲ್ಲೇ ಹೊಡೆದರು ಅಲ್ವಾ?" ಹೌದಪ್ಪ, ಹೊಡೆದರು. 1941ರಲ್ಲಿ ದೇಶಕ್ಕೇ ಹಕ್ಕಿ ಕಲಿಸುವ ಪುಸ್ತಕವನ್ನೂ ಬರೆದರು. ನೀವು ರೀಲ್ಸ್ ಹಾಕುತ್ತೀರಿ.

ಅಂದ ಹಾಗೆ ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ಆ ಬೆಲ್ ಎಷ್ಟು ಬೇಕಾದರೂ ಒತ್ತಿ, ಯಾವ ಹಕ್ಕಿಯೂ ಜಗಳಕ್ಕೆ ಬರುವುದಿಲ್ಲ.

ಅಕ್ಟೋಬರ್‌ನಲ್ಲಿ ನವರಂಗ ಹಕ್ಕಿ ಬಂದರಂತೂ ಜಾತ್ರೆ. ಉತ್ತರದಿಂದ ರಾತ್ರಿ ಹೊತ್ತು ಹಾರಿ ಬಂದಿರುತ್ತದೆ. ಸುಸ್ತಾಗಿ ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿ ಬಿದ್ದಿರುವುದೂ ಉಂಟು. ಅದಕ್ಕೆ ತರಗೆಲೆ ಕೆದಕಿ ಹೊಟ್ಟೆ ತುಂಬಿಸಿಕೊಳ್ಳಬೇಕು. ನಿಮಗೆ ಅದನ್ನು ಕುಣಿಸಬೇಕು. ಬೆಳಗ್ಗೆ, ಸಂಜೆ ತಾನಾಗಿಯೇ ಕೂಗುತ್ತದೆ ಸ್ವಾಮಿ! ಅಷ್ಟು ಹೊತ್ತು ಕಾಯುವುದಕ್ಕೆ ಏನು ರೋಗ?

1972ರ ವನ್ಯಜೀವಿ ಕಾಯ್ದೆ ಹಕ್ಕಿಯ ಗೂಡಿಗೆ ತೊಂದರೆ ಕೊಡುವುದನ್ನೂ ಬೇಟೆ ಅಂತಲೇ ಎಣಿಸುತ್ತದೆ. ಬೇಟೆ! "ಸಂಶೋಧಕರೂ ಕೂಗು ಹಾಕುತ್ತಾರಲ್ಲ?" ನೀವು ಸಂಶೋಧಕರಾ? ಒಂಬತ್ತು ಗಂಟೆಗೆ ಮಸಾಲೆ ದೋಸೆಗೆ ಓಡುವವರು!

ಹಾಕಬೇಡಿ. ಮೆಲ್ಲಗೂ ಹಾಕಬೇಡಿ. ಯಾಕೆ ಅಂದರೆ, ಬೇಡ ಅಂದರೆ ಬೇಡ. ನನಗೆ ಸಿಟ್ಟು ಬರುತ್ತದೆ, ಸಾಲದಾ? ಇನ್ನೂ ಏನೋ ಬರೆದುಕೊಂಡಿದ್ದೆ, ಹಾಳಾಗಲಿ.

ನನ್ನ ಕ್ಯಾಲೆಂಡರ್ ಬಂದಿದೆ, ಲಿಂಕ್ ಕೆಳಗಿದೆ. ಅಕ್ಟೋಬರ್ ಪುಟದ ನವರಂಗ ಬೆನ್ನು ತಿರುಗಿಸಿ ಕೂತಿದೆ, ಸ್ವಲ್ಪ ಬ್ಲರ್ ಕೂಡ. ಬೇಕಾದರೆ ತಗೊಳ್ಳಿ.