ಫೋಕಸ್ ಕೆಡಿಸಿದರೆ ಕಾಣುವ ಬಣ್ಣ

ಸ್ಕ್ರೀನ್ ಕಪ್ಪಾಗಿದೆ ಅಂತ ಫೋನ್ ಅಲ್ಲಾಡಿಸಬೇಡಿ. ವಿಡಿಯೋ ಸರಿಯಾಗೇ ಇದೆ, ನಾನು ಕತ್ತಲಲ್ಲಿ ನಿಂತಿದ್ದೀನಿ ಅಷ್ಟೇ. ಕಣ್ಣು ಕತ್ತಲಿಗೆ ಹೊಂದಿಕೊಳ್ಳೋಕೆ 20ರಿಂದ 30 ನಿಮಿಷ ಬೇಕು. ನಡುವೆ ಮೊಬೈಲ್ ನೋಡಿದ್ರೋ, ಕಾದಿದ್ದೆಲ್ಲ ದಂಡ. ನಾನು ಆಗ್ಲೇ ಎರಡು ಸಲ ನೋಡಿಬಿಟ್ಟೆ.

ಮೊದಮೊದಲು ನನಗೆ ನಕ್ಷತ್ರ ಅಂದ್ರೆ ಬಿಳೀ ಚುಕ್ಕೆ, ಮುಗೀತು. ಮಂದ ಬೆಳಕಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯಲ್ಲ, ಹಾಗಾಗಿ ಹೊಳಪು ಹೆಚ್ಚಿರೋ ನಕ್ಷತ್ರಗಳಲ್ಲೇ ಹುಡುಕಬೇಕು. ಅದಕ್ಕೆ ಮಹಾವ್ಯಾಧ (ಒರಾಯನ್) ಅನ್ನೋ ನಕ್ಷತ್ರಪುಂಜಕ್ಕಿಂತ ಒಳ್ಳೇ ಜಾಗ ಇಲ್ಲ. ಸಾಲಾಗಿ ಮೂರು ನಕ್ಷತ್ರ ಇದೆಯಲ್ಲ, ಅದು ಅವನ ನಡುಪಟ್ಟಿ. ಅದರ ಒಂದು ಕಡೆ ಆರ್ದ್ರಾ (ಬೀಟೆಲ್‌ಜ್ಯೂಸ್) ನಕ್ಷತ್ರ, ಇನ್ನೊಂದು ಕಡೆ ರೈಜೆಲ್ ನಕ್ಷತ್ರ. ಈಗ ಬೈನಾಕ್ಯುಲರ್ ಫೋಕಸ್ ಸ್ವಲ್ಪ ಕೆಡಿಸಿ. ಹೌದು, ಬೇಕಂತಲೇ! ಚುಕ್ಕೆ ಉಬ್ಬಿ ಬಿಲ್ಲೆ ಆಗುತ್ತೆ, ಬೆಳಕು ಹರಡಿದ ಕೂಡ್ಲೇ ಬಣ್ಣ ಮೇಲೆ ಬರುತ್ತೆ. ಆರ್ದ್ರಾ ಆರುತ್ತಿರೋ ಕೆಂಡ, ರೈಜೆಲ್ ನೀಲಿ ಬೆರೆತ ಬಿಳಿ.

ಕುಲುಮೆಯಲ್ಲಿ ಕಬ್ಬಿಣ ಮೊದಲು ಕೆಂಪಾಗಿ, ಆಮೇಲೆ ಹಳದಿಯಾಗಿ, ಕೊನೆಗೆ ಬೆಳ್ಳಗಾಗುತ್ತಲ್ಲ, ಇಲ್ಲೂ ಅದೇ ಲೆಕ್ಕ. ಆರ್ದ್ರಾದ ಮೇಲ್ಮೈ ಸುಮಾರು 3,300 ಡಿಗ್ರಿ ಸೆಲ್ಸಿಯಸ್, ನಮ್ಮ ಸೂರ್ಯ 5,500, ರೈಜೆಲ್ 12,000ದ ಹತ್ತಿರ. ಕೆಂಪಂದ್ರೆ ಬಿಸಿ ಅಂತ ನಲ್ಲಿಗೆ ಬಣ್ಣ ಹಚ್ಚಿದವರು ಆಕಾಶ ನೋಡಿರಲಿಲ್ಲ ಅನ್ಸುತ್ತೆ.

ತಣ್ಣಗಿದೆ ಅಂತ ಆರ್ದ್ರಾ ಸಣ್ಣದಲ್ಲ. ಸೂರ್ಯನ ಜಾಗದಲ್ಲಿ ಇಟ್ಟರೆ ಮಂಗಳನ ಕಕ್ಷೆಯನ್ನೂ ನುಂಗಿಬಿಡುತ್ತೆ. ವಯಸ್ಸಾಗಿ ಉಬ್ಬಿರೋ ಕೆಂಪು ಮಹಾದೈತ್ಯ ಅದು. 2019ರ ಕೊನೆಯಿಂದ 2020ರ ಫೆಬ್ರವರಿವರೆಗೆ ಬರಿಗಣ್ಣಿಗೇ ಗೊತ್ತಾಗೋಷ್ಟು ಮಂಕಾಗ್ತಾ ಹೋಯ್ತು. ಸಿಡಿದೇ ಬಿಡುತ್ತೆ ಅಂತ ಎಷ್ಟೋ ಜನ ಕಾದರು. ಆಮೇಲೆ ನೋಡಿದ್ರೆ, ತಾನೇ ಉಗುಳಿದ ಅನಿಲ ತಣ್ಣಗಾಗಿ ಧೂಳಾಗಿ ಅದಕ್ಕೇ ಮುಸುಕು ಹಾಕಿತ್ತು.

ಓ, ಬಿ, ಎ, ಎಫ್, ಜಿ, ಕೆ, ಎಂ. ಬಿಸಿಯಿಂದ ತಣ್ಣಗಿನವರೆಗೆ ನಕ್ಷತ್ರಗಳನ್ನ ವಿಂಗಡಿಸೋ ಗುಂಪುಗಳ ಸಾಲು ಇದು. ಅಕ್ಷರಗಳು ಮೊದಲು ಎ, ಬಿ, ಸಿ ಅಂತ ಕ್ರಮವಾಗೇ ಇದ್ದವು, ಖಗೋಳ ವಿಜ್ಞಾನಿ ಆನೀ ಜಂಪ್ ಕ್ಯಾನನ್ ಕೆಲವನ್ನು ಕೈಬಿಟ್ಟು ಉಳಿದವನ್ನು ಹೀಗೆ ಜೋಡಿಸಿದರು. ರೈಜೆಲ್ ಬಿ, ಲುಬ್ಧಕ (ಸಿರಿಯಸ್) ಎ, ಸೂರ್ಯ ಜಿ, ರೋಹಿಣಿ ಕೆ, ಆರ್ದ್ರಾ ಎಂ.

ಲುಬ್ಧಕದ ಪಕ್ಕದಲ್ಲೇ ಒಂದು ಶ್ವೇತ ಕುಬ್ಜ ಇದೆ, ಅಂದ್ರೆ ಉರಿದು ಮುಗಿದ ನಕ್ಷತ್ರದ ಉಳಿದ ತಿರುಳು. ಸೂರ್ಯನಷ್ಟು ದ್ರವ್ಯ, ಭೂಮಿಯಷ್ಟೇ ಗಾತ್ರ! 1862ರಲ್ಲೇ ಅದನ್ನ ನೋಡಿದ್ದಾರೆ. ನನಗಿನ್ನೂ ಸಿಕ್ಕಿಲ್ಲ, ಲುಬ್ಧಕದ ಝಳಪಿನಲ್ಲಿ ಮುಳುಗಿಹೋಗುತ್ತೆ.

ನನ್ನ ತಲೆ ತಿನ್ನೋದು ಬೇರೆಯೇ. ನಮ್ಮ ಗ್ಯಾಲಕ್ಸಿಯಲ್ಲಿ ನಾಲ್ಕಕ್ಕೆ ಸುಮಾರು ಮೂರು ನಕ್ಷತ್ರ ಕೆಂಪು ಕುಬ್ಜಗಳು, ಅಂದ್ರೆ ಸಣ್ಣ, ತಣ್ಣಗಿನ, ಮಂದ ನಕ್ಷತ್ರಗಳು. ಸೂರ್ಯನ ನಂತರ ನಮಗೆ ಅತಿ ಹತ್ತಿರದ ಪ್ರಾಕ್ಸಿಮಾ ಸೆಂಟಾರಿಯೂ ಅದೇ ಜಾತಿ, ಬರೀ 4.2 ಜ್ಯೋತಿರ್ವರ್ಷ ದೂರ. ಆದ್ರೂ ಅವುಗಳಲ್ಲಿ ಒಂದೂ ಬರಿಗಣ್ಣಿಗೆ ಕಾಣಲ್ಲ.

ಈಗ ರೋಹಿಣಿಗೆ ತಿರುಗಿಸೋಣ ಅಂದ್ರೆ ಲೆನ್ಸ್ ತುಂಬ ಇಬ್ಬನಿ. ಒರೆಸಿದ್ರೆ ಗೀಚು ಬೀಳುತ್ತೆ, ತಾನಾಗೇ ಆರಬೇಕು. ಅಲ್ಲಿವರೆಗೆ ಮೊಬೈಲ್ ಮುಟ್ಟದೇ ಇರೋದು ಹೇಗೆ ಅಂತ ಯಾರಾದ್ರೂ ಹೇಳಿ.